ಇಂಗ್ಲೆಂಡಿನ ಮೆಂಟರಿಂಗ್-ಕೋಚಿಂಗ್ ಪಿಜಿ ಕೋರ್ಸ್, ಕೊಪ್ಪಳದಾಗ ಕುಂತು ಮಾಡಿದ್ದು: ಹತ್ತಕ್ಕ ಆರು

ಹೋದ ತಿಂಗಳ ಯೂನಿವರ್ಸಿಟಿ ಕಡಿಂದ ಒಂದು ಮೇಲ್ ಬಂತು. ಈ ಕೋರ್ಸ್ ಮಾಡ್ರಿ ಅಂತ ನಿಮ್ಮ ಜೊತಿ ಕೆಲಸ ಮಾಡೋರಿಗೆ ಹೇಳ್ತೀರೇನು, ಸೊನ್ನಿಯಿಂದ ಹತ್ತರ ತನಕ ಒಂದು ನಂಬರ್ ಒತ್ರಿ ಅಂತ. ಆರು ಒತ್ತಿದೆ. ಯಾಕ ಆರು ಅಂತ ಬರಿಯಾಕ ಕೆಳಗ ಒಂದು ಸಣ್ಣ ಡಬ್ಬಿ ಇತ್ತು, 250 ಅಕ್ಷರ ಅಷ್ಟ, ಅದ್ರಾಗ ನಮ್ಮ ಬ್ಯಾಂಕಿನ ಕಥಿ ಸೈತ ಹಿಡಿಸಾಂಗಿಲ್ಲ. ಅದಕ್ಕ ಇಲ್ಲಿ ಬರ್ಯಾಕತ್ತೀನಿ, ಉದ್ದ ಆಗ್ತೈತಿ, ಚಾ ಇಟ್ಕೊಂಡು ಓದ್ರಿ. ಯೂನಿವರ್ಸಿಟಿ ಹೆಸರು ಹೇಳಾಂಗಿಲ್ಲ, ಇನ್‌ಬಾಕ್ಸಿಗೆ ಬಂದು ಕೇಳಿದ್ರೂ ಹೇಳಾಂಗಿಲ್ಲ, ಯಾಕಂದ್ರ ಇಂಥ ಕೋರ್ಸ್ ಅಲ್ಲಿ ಭಾಳ ಕಡೆ ಅದಾವು, ನಾ ಹೇಳೋದ್ರಾಗ ಅರ್ಧ ಎಲ್ಲಾದಕ್ಕೂ ಲಾಗೂ ಆಗ್ತೈತಿ ಅಂತ ನನ್ನ ಲೆಕ್ಕ.

ನಾನು ಕೊಪ್ಪಳದ ಒಂದು ಪ್ರೈವೇಟ್ ಸಾಲ್ಯಾಗ ಗಣಿತ ಕಲಸ್ತೀನಿ, 14 ವರ್ಷ ಆತು. ನಾಲ್ಕು ವರ್ಷದಿಂದ ಅಕಾಡೆಮಿಕ್ ಕೋಆರ್ಡಿನೇಟರ್ ಅಂತ ಒಂದು ಬೋರ್ಡ್ ಬ್ಯಾರೆ ಹಚ್ಯಾರ. ಹಂಗಂದ್ರ ಏನು ಅಂದ್ರ ನನ್ನ ಪೀರಿಯಡ್ ಕಮ್ಮಿ ಮಾಡ್ಲಿಲ್ಲ, ಅದರ ಮ್ಯಾಲ ಬ್ಯಾರೆಯವರ ಕ್ಲಾಸಿಗೆ ಹೋಗಿ ಹಿಂದಿನ ಬೆಂಚಿನ್ಯಾಗ ಕುಂತು ಒಂದು ಫಾರ್ಮ್ ತುಂಬೋ ಕೆಲಸ. ಬೋರ್ಡ್ ವರ್ಕ್ 5ಕ್ಕ ಎಷ್ಟು, ಧ್ವನಿ 5ಕ್ಕ ಎಷ್ಟು, ಕ್ಲಾಸ್ ಕಂಟ್ರೋಲ್ 5ಕ್ಕ ಎಷ್ಟು. ನಾ ಒಳಗ ಹೆಜ್ಜಿ ಇಟ್ರ ಸಾಕು ಟೀಚರ್ ಧ್ವನಿ ಬದಲಾಗ್ತಿತ್ತು, ಹುಡುಗ್ರು ಬೆನ್ನು ನೆಟ್ಟಗ ಮಾಡಿ ಕುಂದರ್ತಿದ್ರು, ಆಮ್ಯಾಲ ಸ್ಟಾಫ್ ರೂಮಿನ್ಯಾಗ ನಾ ಹೋದ್ರ ಮಾತು ನಿಂದರ್ತಿತ್ತು. ನಿನ್ನಿ ತನಕ ಒಂದ ಡಬ್ಬಿಯೊಳಗ ಮಂಡಾಳ ವಗ್ಗರಣಿ ತಿಂದವ್ರು ಹಿಂಗ ಆದ್ರ ಬ್ಯಾಸರ ಆಗೂದಿಲ್ಲೇನ್ರಿ. ಈ ಕೆಲಸ ಬ್ಯಾರೆ ರೀತಿ ಮಾಡಾಕ ಬರ್ತೈತೇನು ಅಂತ ಹುಡುಕಾಕ ಹತ್ತಿದಾಗ ಈ ಕೋರ್ಸ್ ಕಣ್ಣಿಗೆ ಬಿತ್ತು. ಶಿಕ್ಷಕರಿಗೆ ಅಂತನ ಮಾಡಿದ ಮೆಂಟರಿಂಗ್ ಮತ್ತ ಕೋಚಿಂಗ್ ಪೋಸ್ಟ್ ಗ್ರ್ಯಾಜುಯೇಟ್ ಸರ್ಟಿಫಿಕೇಟ್, ಪೂರಾ ಆನ್‌ಲೈನ್. ಇಲ್ಲಿ ಹತ್ತಿರ ಬಿ.ಎಡ್, ಎಂ.ಎಡ್ ಬಿಟ್ರ ಬರೇ ಇದರ ಮ್ಯಾಲ ಅಂತ ನಾ ಹುಡುಕಿದಾಗ ಏನೂ ಸಿಗಲಿಲ್ಲ.

ಮನ್ಯಾಗ ಅತ್ತಿಯವರಿಗೆ ಕೋಚಿಂಗ್ ಓದಾಕತ್ತೀನಿ ಅಂತ ಹೇಳಿದ್ರ, ಧಾರವಾಡದಾಗ ಕೋಚಿಂಗ್ ಸೆಂಟರ್ ತಗೀತಿ ಏನವಾ ಅಂದ್ರು. ತಪ್ಪಿಲ್ಲ ಬಿಡ್ರಿ, ನಮ್ಮ ಕಡೆ ಕೋಚಿಂಗ್ ಅಂದ್ರ ನೀಟ್, ಕೆಎಎಸ್, ಪಿಎಸ್ಐ ಇಷ್ಟ. ಪೂರಾ ಕೋರ್ಸ್ ಮುಗಿಯೋತನಕ ಅತ್ತಿ ಓಣ್ಯಾಗ ಹಂಗ ಹೇಳ್ಕೊಂತ ಬಂದ್ರು, ಇಬ್ರು ಹುಡುಗ್ರು ಎಫ್‌ಡಿಎ ಎಕ್ಸಾಂಗೆ ಕೋಚಿಂಗ್ ಕೊಡ್ತೀರೇನ್ರಿ ಅಂತ ಮನಿಗೂ ಬಂದಿದ್ರು.

ಮೊದಲ ದುಡ್ಡಿನ ವಿಷಯ. ಎಲ್ಲಾ ಕೂಡಿ ನನಗ ಮೂರು ಲಕ್ಷದ ಹತ್ತಿರ ಬಂತು, ಮೂರು ಕಂತು, ಪೌಂಡಿನ್ಯಾಗ ಕಟ್ಟಬೇಕು. ಕಂತಿಂದ ಕಂತಿಗೆ ಪೌಂಡಿನ ರೇಟ್ ಏರಿದ್ರ ನಿಮ್ಮ ಹಣೆಬರಹ. ಬ್ಯಾಂಕಿಗೆ ಹೋದೆ. ಹೊರದೇಶಕ್ಕ ದುಡ್ಡು ಕಳಸಾಕ ಎ2 ಫಾರ್ಮ್ ಅಂತ ಒಂದು ಇರ್ತೈತಿ, ಯಾತಕ್ಕ ಕಳಸಾಕತ್ತೀರಿ ಅಂತ ಅದ್ರಾಗ ಒಂದು ಕೋಡ್ ಹಾಕಬೇಕು. ಕೌಂಟರಿನ್ಯಾಗ ಇದ್ದ ಹುಡುಗ ಫಾರ್ಮ್ ಹೆಸರು ಕೇಳಿ ಒಳಗ ಹೋದ, ಬಂದ, ಮತ್ತ ಹೋದ, ಆಮ್ಯಾಲ ಮ್ಯಾನೇಜರ್ ಕರೆದು ಮಗ ಫಾರಿನ್ನಾಗ ಓದ್ತಾನೇನ್ರಿ ಅಂದ್ರು. ಇಲ್ರಿ ನಾನ ಓದ್ತೀನಿ, ಇಲ್ಲೇ ಕೊಪ್ಪಳದಾಗ ಕುಂತು ಅಂದೆ. ಅವರು ನನ್ನ ಮಾರಿ ನೋಡಿದ್ರು, ಆಫರ್ ಲೆಟರ್ ನೋಡಿದ್ರು, ಮತ್ತ ನನ್ನ ಮಾರಿ ನೋಡಿದ್ರು. ಇದು ನಮ್ಮ ಬ್ರ್ಯಾಂಚಿನ್ಯಾಗ ಆಗಾಂಗಿಲ್ರಿ ಹುಬ್ಬಳ್ಳಿಗೆ ಹೋಗ್ರಿ ಅಂತ ಕಳಿಸಿದ್ರು. ಹುಬ್ಬಳ್ಳಿಗೆ ಮೂರು ಕಂತಿಗೆ ಮೂರು ಸಲ ಹೋದೆ, ಒಂದು ಸಲ ಕೋಡ್ ತಪ್ಪು ಹಾಕಿದ್ದಕ್ಕ ದುಡ್ಡು ತಿರುಗಿ ಬಂದು ಇನ್ನೊಂದು ಸಲ ಹೋದೆ. ನಾಲ್ಕು ರಜಾ ಇಲ್ಲೇ ಹೋದುವು, ಕೋರ್ಸಿಗೆ ಅಂತ ಎತ್ತಿಟ್ಟಿದ್ದ ರಜಾ ಅವು.

ಕೋರ್ಸಿನ ಲೆಕ್ಕ ಹಿಂಗೈತಿ. ಅವರ ಕಡೆ ಪಿಜಿ ಸರ್ಟಿಫಿಕೇಟ್ ಅಂದ್ರ 60 ಕ್ರೆಡಿಟ್, ಡಿಪ್ಲೊಮಾ 120, ಪೂರಾ ಮಾಸ್ಟರ್ಸ್ 180. ಒಂದು ಕ್ರೆಡಿಟ್ ಅಂದ್ರ 10 ತಾಸಿನ ಕಲಿಕೆ, ಅಂದ್ರ ನಂದು 600 ತಾಸು. ಓದೋದು, ಬರಿಯೋದು, ಮಾತಾಡೋದು, ಯೋಚನಿ ಮಾಡ್ಕೊಂತ ಕುಂದ್ರೋದು ಎಲ್ಲಾ ಸೇರಿ. ನಂದ್ರಾಗ 20 ಕ್ರೆಡಿಟಿನ ಮೂರು ಮಾಡ್ಯೂಲ್. ಬರೇ ಸರ್ಟಿಫಿಕೇಟ್ ಕೋರ್ಸ್ ಅಲ್ಲಾ ಸರಳ ಇರಬೇಕು ಅಂತ ಯಾರೂ ಹೋಗಬ್ಯಾಡ್ರಿ, ಲೆವೆಲ್ ಮಾಸ್ಟರ್ಸಿಂದ ಐತಿ.

ಕ್ಲಾಸು ಮಂಗಳವಾರ, ಅವರ ಸಂಜಿ 6 ಗಂಟೆಗೆ, ನಮಗ ರಾತ್ರಿ 10:30. ಅಕ್ಟೋಬರ್ ಕೊನಿಗೆ ಅವರು ಗಡಿಯಾರ ಒಂದು ತಾಸು ಹಿಂದಕ್ಕ ತಿರುಗಿಸ್ತಾರ ಅಂತ ನನಗ ಗೊತ್ತಿರ್ಲಿಲ್ಲ, ಯಾರೂ ಹೇಳಲೂ ಇಲ್ಲ. ಆ ಮಂಗಳವಾರ 10:30ಕ್ಕ ಸೀರಿ ಸರಿ ಮಾಡ್ಕೊಂಡು ಲ್ಯಾಪ್‌ಟಾಪ್ ಮುಂದ ಕುಂತೆ, ಒಬ್ರೂ ಇಲ್ಲ. ಒಂದು ತಾಸು ನನ್ನ ಮಾರಿ ನಾನ ನೋಡ್ಕೊಂತ ಕುಂತೆ. ಕೋರ್ಸ್ ಕ್ಯಾನ್ಸಲ್ ಆತೋ, ಫೀ ಮುಟ್ಟಿಲ್ಲೋ, ತಲಿಯಾಗ ಏನೇನೋ. 11:30ಕ್ಕ ಎಲ್ಲಾರೂ ನಕ್ಕೊಂತ ಬಂದ್ರು. ಆವಾಗಿಂದ ಮಾರ್ಚ್ ತನಕ ಕ್ಲಾಸು ಮುಗಿಯೋದು ರಾತ್ರಿ ಒಂದೂವರಿಗೆ, ಮುಂಜಾನೆ ಏಳಕ್ಕ ಸಾಲಿ ಬಸ್ಸು. ಏಪ್ರಿಲ್ನಾಗ ಮತ್ತ 10:30ಕ್ಕ ಬಂತು ಅಂತ ಖುಷಿ ಪಟ್ರ ಆವಾಗ ಕರೆಂಟಿನ ಕಾಟ. ನಮ್ಮ ಕಡೆ ಏಪ್ರಿಲ್ ಸೆಕಿಯೊಳಗ ಫ್ಯಾನ್ ಇಲ್ಲದ, ಮೊಬೈಲ್ ಹಾಟ್‌ಸ್ಪಾಟ್ ಹಚ್ಚಿ, ಮಾರಿ ಮ್ಯಾಲ ಬೆವರು ಇಳಿಯಾಕತ್ತಿರಬೇಕಾದ್ರ, ಸ್ವೆಟರ್ ಹಾಕ್ಕೊಂಡು ಕುಂತ ಮಂದಿ ಜೊತಿ ‘ಆಕ್ಟಿವ್ ಲಿಸನಿಂಗ್’ ಬಗ್ಗೆ ಚರ್ಚಾ ಮಾಡೋದು, ಅನುಭವಿಸಿದವ್ರಿಗೇ ಗೊತ್ತು.

ಈಗ ಒಳಗಿಂದು. ಮೊದಲನೇ ಮಾಡ್ಯೂಲ್ ಮೆಂಟರಿಂಗ್ ಅಂದ್ರೇನು ಕೋಚಿಂಗ್ ಅಂದ್ರೇನು ಅಂತ. ಮೆಂಟರ್ ಅನ್ನೋ ಶಬ್ದ ಹೋಮರನ ಒಡಿಸ್ಸಿಯೊಳಗ ಬರೋ ಒಬ್ಬ ಹಿರಿಯನ ಹೆಸರು, ಯುದ್ಧಕ್ಕ ಹೊಂಟ ರಾಜ ತನ್ನ ಮಗನ್ನ ಅವನ ಕೈಯಾಗ ಬಿಟ್ಟು ಹೋಗ್ತಾನ. ಕೋಚ್ ಅನ್ನೋದು ಹಂಗೇರಿಯ ಕೋಚ್ ಅನ್ನೋ ಊರಾಗ ಮಾಡ್ತಿದ್ದ ಗಾಡಿಯಿಂದ ಬಂದದ್ದು. ಈ ವ್ಯತ್ಯಾಸ ನನಗ ಕೆಲಸಕ್ಕ ಬಂತು: ಮೆಂಟರ್ ಆ ಕೆಲಸದಾಗ ನಿಮಗಿಂತ ಜಾಸ್ತಿ ವರ್ಷ ಕಳೆದವ್ನು, ತನ್ನ ಅನುಭವ ಹಂಚ್ಕೋತಾನ. ಕೋಚ್‌ಗೆ ನಿಮ್ಮ ವಿಷಯ ಗೊತ್ತಿರಲೇಬೇಕಂತಿಲ್ಲ, ನೀವು ಹೋಗಬೇಕಂದ ಊರಿಗೆ ನಿಮ್ಮನ್ನ ಮುಟ್ಟಿಸೋ ಗಾಡಿ ಅವ. ನಾ ಗಣಿತದಾಕಿ, ಕನ್ನಡ ಟೀಚರ್‌ಗೆ ನಾನೇನು ಹೇಳಲಿ ಅನ್ನೋ ಸಂಕೋಚ ಅಲ್ಲಿಗೆ ಹೋತು.

ಈ ಕ್ಷೇತ್ರದಾಗ ಎಲ್ಲಾರಿಗೂ ಗೊತ್ತಿರೋ ಗ್ರೋ ಮಾಡೆಲ್ ಹೇಳಿಕೊಡ್ತಾರ, ಕೋಚಿಂಗ್ ಮಾತುಕತಿ ನಡಸಾಕ ನಾಲ್ಕು ಹಂತದ ಪ್ರಶ್ನಿ ಅವು. ಜಾನ್ ವಿಟ್‌ಮೋರ್ 1992ರ ತನ್ನ ಪುಸ್ತಕದಾಗ ಬರೆದು ಅದು ಜಗತ್ತಿಗೆಲ್ಲಾ ಹಬ್ಬಿತು. ನಾನು ಅದನ್ನ ನನ್ನ ಡೈರಿಯೊಳಗ ನಮ್ಮ ಮಾತಿಗೆ ತಿರುಗಿಸಿ ಇಟ್ಕೊಂಡೀನಿ: ಏನಾಗಬೇಕು, ಈಗ ಏನೈತಿ, ಯಾವ್ಯಾವ ದಾರಿ ಅದಾವು, ಯಾವಾಗಿಂದ ಹಿಡಿತೀರಿ. ಓದಾಕ ಐದು ನಿಮಿಷ, ಬಾಯಿಗೆ ಬರಾಕ ಐದು ತಿಂಗಳ ಹಿಡೀತು.

ನನಗ ಎದೀಗೆ ಬಡಿದದ್ದು ಇನ್ನೊಂದು. ಹಾಬ್ಸನ್ ಮತ್ತ ಮಾಲ್ಡರೆಜ್ ಅನ್ನೋರು 2013ರಾಗ ಒಂದು ಪೇಪರ್ ಬರದಾರ, ‘ಜಡ್ಜ್‌ಮೆಂಟರಿಂಗ್’ ಅಂತ ಶಬ್ದ ಹುಟ್ಟಿಸಿ. ಹೆಸರಿಗೆ ಮೆಂಟರ್, ಮಾಡೋದೆಲ್ಲಾ ಜಡ್ಜ್ ಕೆಲಸ. ಹೊಸಾ ಟೀಚರ್ ತನ್ನ ಕಷ್ಟ ಬಾಯಿ ಬಿಟ್ಟು ಹೇಳೋಕಿಂತ ಮೊದಲ ಇವರು ಇದು ಸರಿ ಇದು ತಪ್ಪು ಅಂತ ತೀರ್ಪು ಕೊಟ್ಟು ಬಿಡ್ತಾರ, ಅದಕ್ಕ ಆಕಿ ಕಷ್ಟಾನ ಮುಚ್ಚಿಡಾಕ ಕಲೀತಾಳ. ರಾತ್ರಿ ಹನ್ನೆರಡಕ್ಕ ಓದಿದೆ ಅದನ್ನ. ನನ್ನ 5ಕ್ಕ ಎಷ್ಟು ಫಾರ್ಮ್ ಬ್ಯಾಗಿನ್ಯಾಗ ಇತ್ತು.

ಇಂಗ್ಲೆಂಡಿನ್ಯಾಗ ಇದಕ್ಕ ಒಂದು ವ್ಯವಸ್ಥಾ ಮಾಡ್ಕೊಂಡಾರ. 2021ರ ಸೆಪ್ಟೆಂಬರಿಂದ ಹೊಸಾ ಟೀಚರ್‌ಗೆ ಎರಡು ವರ್ಷ ಇಂಡಕ್ಷನ್ ಅಂದ್ರ ಕೆಲಸಕ್ಕ ಹೊಂದಿಕೊಳ್ಳೋ ಅವಧಿ, ಒಬ್ಬ ಮೆಂಟರ್ ಕೊಡಬೇಕು, ಆಕಿನ್ನ ಪಾಸ್ ಫೇಲ್ ಅಂತ ಅಳಿಯಾವ ಬ್ಯಾರೆ ಇರಬೇಕು, ಅನಿವಾರ್ಯ ಇದ್ರ ಬಿಟ್ಟು ಎರಡೂ ಒಬ್ಬರ ಮಾಡಬಾರದು. ಮೊದಲ ವರ್ಷ ಟೈಂಟೇಬಲ್‌ನಾಗ 10 ಪರ್ಸೆಂಟ್ ಪೀರಿಯಡ್ ಕಮ್ಮಿ, ಎರಡನೇ ವರ್ಷ 5 ಪರ್ಸೆಂಟ್. ಇದನ್ನ ಕೇಳಿ ನಾ ಮೈಕ್ ಮ್ಯೂಟ್ ಮಾಡಿ ನಕ್ಕೆ. ನಮ್ಮ ಕಡೆ ಹೊಸದಾಗಿ ಬಂದ ಹುಡುಗಿಗೆ ಎಲ್ಲಾರೂ ಬ್ಯಾಡ ಅಂದ 8ನೇ ಸಿ ಸೆಕ್ಷನ್, ಮ್ಯಾಲ ಗ್ಯಾದರಿಂಗ್ ಡ್ಯಾನ್ಸು, ಮ್ಯಾಲ ಯಾರರ ರಜಾ ಹಾಕಿದ್ರ ಸಬ್‌ಸ್ಟಿಟ್ಯೂಷನ್. ಅಲ್ಲೂ ಎಲ್ಲಾ ಸಾಲ್ಯಾಗ ಸುಸೂತ್ರ ನಡೀತೈತಿ ಅಂತಲ್ಲ, ನಮ್ಮ ಬ್ಯಾಚಿನ ಅಲ್ಲಿಯ ಟೀಚರ್ರು ಮೆಂಟರಿಂಗ್‌ಗೆ ಟೈಮೇ ಸಿಗಾಂಗಿಲ್ಲ ಅಂತ ಗೋಳಾಡ್ತಿದ್ರು, ಆದ್ರ ಕಾಗದದ ಮ್ಯಾಲರ ಐತಲ್ಲ.

ಕುಷ್ಟಗಿ ತಾಲೂಕಿನ್ಯಾಗ ನನ್ನ ಬಿ.ಎಡ್ ಗೆಳತಿ ಸಿಆರ್‌ಪಿ ಆಗ್ಯಾಳ. ಸಮೂಹ ಸಂಪನ್ಮೂಲ ವ್ಯಕ್ತಿ, ಹೆಸರು ಕೇಳಾಕ ಎಷ್ಟು ಚೊಲೊ ಐತಿ ನೋಡ್ರಿ. ಶಿಕ್ಷಕರಿಗೆ ಸಂಪನ್ಮೂಲ ಆಗಬೇಕಾದಾಕಿ ದಿನಾ ಸ್ಯಾಟ್ಸ್ ಎಂಟ್ರಿ ಆತೇನ್ರಿ, ಯೂಡೈಸ್ ಮಾಹಿತಿ ಕೊಟ್ರೇನ್ರಿ ಅಂತ ಸರ್ಕಾರದ ಆನ್‌ಲೈನ್ ದಾಖಲೆ ಸಲುವಾಗಿ ಫೋನ್ ಮಾಡ್ಕೊಂತ ತಿರುಗ್ತಾಳ. ಈ ಮೆಂಟರ್-ಜಡ್ಜ್ ವಿಷಯ ಹೇಳಿದ್ರ ಆಕಿ, ನಾ ಅದೂ ಅಲ್ಲ ಇದೂ ಅಲ್ಲವಾ, ನಾ ಪೋಸ್ಟ್‌ಮ್ಯಾನ್ ಅಂದ್ಲು. ಹೊಸಾ ಶಿಕ್ಷಣ ನೀತಿ 2020ರಾಗ ರಾಷ್ಟ್ರೀಯ ಮೆಂಟರಿಂಗ್ ಮಿಷನ್ ಅಂತ ಬರದಾರ, ಪ್ರತಿ ಟೀಚರ್‌ಗೆ ವರ್ಷಕ್ಕ 50 ತಾಸು ವೃತ್ತಿ ತರಬೇತಿ ಅಂತನೂ ಐತಿ. ನಮ್ಮ ಸ್ಟಾಫ್ ರೂಮಿನ್ಯಾಗ ಮಾತ್ರ ಮೆಂಟರ್ ಅಂದ್ರ ಈಗಲೂ ಬ್ಯಾರೆ ಹೆಸರಿನ ಇನ್‌ಸ್ಪೆಕ್ಟರು.

ಎರಡನೇ ಮಾಡ್ಯೂಲ್, ಇದಕ್ಕ ನಾ ಕೊಟ್ಟ ಮೂರು ಲಕ್ಷದಾಗ ಎರಡು ಲಕ್ಷ ಲೆಕ್ಕ ಹಾಕ್ಕೋತೀನಿ. ಒಬ್ಬ ಸಹೋದ್ಯೋಗಿ ಜೊತಿ 20 ನಿಮಿಷ ಕೋಚಿಂಗ್ ಮಾತುಕತಿ ಮಾಡಬೇಕು, ಅವರ ಒಪ್ಪಿಗಿ ತಗೊಂಡು ರೆಕಾರ್ಡ್ ಮಾಡಬೇಕು, ಪ್ರತಿ ಶಬ್ದ ಟೈಪ್ ಮಾಡಬೇಕು, ಸುಮ್ಮನಿದ್ದ ಸೆಕೆಂಡನ್ನೂ ಬರೀಬೇಕು, ಆಮ್ಯಾಲ ಅದರ ಮ್ಯಾಲ ವಿಚಾರ ಮಾಡಿ ಬರೀಬೇಕು. ಹಿಂಗ ಆರು ಸಲ.

ಮೊದಲನೇದು ಹೊಸಾ ಸೈನ್ಸ್ ಟೀಚರ್ ಜೊತಿ, 23 ವರ್ಷದ ಹುಡುಗಿ, ಗಂಗಾವತಿ ಕಡೇಕಿ. ಲ್ಯಾಬಿನ್ಯಾಗ ಕುಂತ್ವಿ. ನಾ ಯಾವಾಗ್ಲೂ ಆಕಿಗೆ ನೀ ಅಂತಿದ್ದೆ, ಕೋರ್ಸಿನ್ಯಾಗ ಸಮಾನ ಸಂಬಂಧ ಸಮಾನ ಸಂಬಂಧ ಅಂತ ಹೇಳಿ ಹೇಳಿ ತಲಿ ಕೆಡಿಸಿದ್ರಲ್ಲ, ಅದಕ್ಕ ರೆಕಾರ್ಡಿಂಗ್ ಆನ್ ಮಾಡಿ ಬಾಯಿಗೆ ಬಂದಂಗ ನೀವು ಏನು ಅಂತೀರಿ ಅಂತ ಶುರು ಮಾಡಿದೆ. ಹುಡುಗಿ ಮಾರಿ ಸಣ್ಣಗಾತು. ಮೇಡಂ, ನಾ ಏನರ ತಪ್ಪು ಮಾಡೀನೇನ್ರಿ ಅಂದ್ಲು. ನಮ್ಮಾಗ ಸಡನ್ ಆಗಿ ನೀವು ಅಂದ್ರ ಗೌರವ ಅಲ್ಲ, ಸಿಟ್ಟು ಅಥವಾ ನೋಟಿಸ್. ಯೂ ಅಂತ ಒಂದ ಶಬ್ದ ಇಟ್ಕೊಂಡ ಮಂದಿಗೆ ಇದನ್ನ ಹೆಂಗ ತಿಳಿಸಬೇಕು, ನನ್ನ ರಿಪೋರ್ಟಿನ್ಯಾಗ ಎರಡು ಪ್ಯಾರಾ ಬರದೀನಿ, ಆದ್ರೂ ತಿಳಿದಂಗ ಕಾಣಲಿಲ್ಲ.

ಮನಿಗೆ ಬಂದು ಹೆಡ್‌ಫೋನ್ ಹಾಕ್ಕೊಂಡು ಟೈಪ್ ಮಾಡಾಕ ಕುಂತೆ. 20 ನಿಮಿಷದಾಗ 14 ನಿಮಿಷ ನನ್ನ ಧ್ವನಿ. ಆಕಿ ಒಂದು ಮಾತು ಶುರು ಮಾಡ್ತಾಳ, ನಾ ನಡುವ ಬಾಯಿ ಹಾಕ್ತೀನಿ. ‘ಹಂಗಲ್ಲ, ಹಿಂಗ ಮಾಡು’ ಅಂತ 11 ಸಲ ಅಂದೀನಿ, ಎಣಿಸೀನಿ. ಪ್ರಶ್ನಿ ಅಂತ ಕೇಳಿದ್ದೆಲ್ಲಾ ಪ್ರಶ್ನಿ ವೇಷದಾಗಿನ ಆರ್ಡರ್ರು, ‘ಗ್ರೂಪ್ ಮಾಡಿದ್ರ ಚೊಲೊ ಆಗೂದಿಲ್ಲೇನು?’ ಅಂಥವು. ನಾ ಭಾಳ ಚೊಲೊ ಕೇಳೋಕಿ ಅಂತ ನನ್ನ ಬಗ್ಗೆ ನನಗ ಇದ್ದ ಅಭಿಪ್ರಾಯ ಅವತ್ತ ಹೋತು. ಆ ಟ್ರಾನ್ಸ್‌ಕ್ರಿಪ್ಟ್ ಕೆಲಸ ಕತ್ತಿ ದುಡಿತ, ಒಂದು ರೆಕಾರ್ಡಿಂಗಿಗೆ ಮೂರು ಸಂಜಿ ಹೋಗ್ತಾವು, ಆದ್ರ ಯಾವ ಪಿಪಿಟಿಯೂ ಕಲಸದ್ದು ಅದು ಕಲಸ್ತು. ಆರನೇ ರೆಕಾರ್ಡಿಂಗಿಗೆ ನನ್ನ ಧ್ವನಿ 6 ನಿಮಿಷಕ್ಕ ಇಳಿದಿತ್ತು.

ಇಲ್ಲೇ ನನ್ನ ದೊಡ್ಡ ತಕರಾರೂ ಐತಿ. ನಮ್ಮ ಮಾತು ಕನ್ನಡದಾಗ, ಅದೂ ಕೊಪ್ಪಳದ ಕನ್ನಡದಾಗ. ಟ್ಯೂಟರ್‌ಗೆ ಇಂಗ್ಲಿಷಿನ್ಯಾಗ ಬೇಕು. ಸರಿ, ಅನುವಾದ ಮಾಡಿದೆ, ಯಾವ ಸಾಫ್ಟ್‌ವೇರಿಗೂ ನಮ್ಮ ಭಾಷಾ ತಿಳಿಯಾಂಗಿಲ್ಲ, ಕೈಲೇ ಮಾಡಿದೆ. ಒಂದು ಕಡೆ ಹಿಂದಿ ಸರ್ ‘ಆತು ಬಿಡ್ರಿ ಮೇಡಮ್ಮಾರ’ ಅಂದಿದ್ರು. ನಿಮಗ ಗೊತ್ತಲ್ಲ, ಆತು ಬಿಡ್ರಿ ಅಂದ್ರ ಒಪ್ಪಿಗಿನೂ ಆಗ್ತೈತಿ, ಇನ್ನ ಸಾಕು ಮಾಡ್ರಿ ಅಂತನೂ ಆಗ್ತೈತಿ, ನಿಮ್ಮ ಜೊತಿ ಯಾರು ವಾದ ಮಾಡ್ತಾರ ಅಂತನೂ ಆಗ್ತೈತಿ, ಎಲ್ಲಾ ಧ್ವನಿ ಮ್ಯಾಲ. ನಾ ಅವಸರದಾಗ ‘ಓಕೆ ಮೇಡಂ’ ಅಂತ ಬರದೆ. ಟ್ಯೂಟರ್ ಅದರ ಪಕ್ಕಕ್ಕ ಕಮೆಂಟ್ ಹಾಕಿದ್ರು, ಇಲ್ಲಿ ನಿಮ್ಮ ಸಹೋದ್ಯೋಗಿ ಮನಸಾರೆ ಒಪ್ಪಿಕೊಂಡಾರ, ನಿಮ್ಮಿಬ್ಬರ ಸಂಬಂಧ ಚೆನ್ನಾಗಿದೆ ಅಂತ. ಆ ಸರ್ ಅದಾದ್ಮ್ಯಾಲ ಎರಡು ವಾರ ನನ್ನ ಜೊತಿ ಮಾತಾಡಿರಲಿಲ್ಲ.

ಇನ್ನ ಸಮಾಜ ವಿಜ್ಞಾನದ ಸರ್ ವಿಷಯ. ಇದನ್ನ ಅವರನ್ನ ಕೇಳೇ ಬರ್ಯಾಕತ್ತೀನಿ. 56 ವರ್ಷ, ನಮ್ಮ ಸಾಲ್ಯಾಗ ಎಲ್ಲಾರಿಗಿಂತ ಹಿರಿಯರು. ನನ್ನ ಮೂರು ವರ್ಷದ ಫಾರ್ಮಿನ್ಯಾಗ ಅವರ ಮುಂದ ಒಂದ ಮಾತು ಬರದೀನಿ, ‘ಹಿಂದಿನ ಬೆಂಚಿನ ಕಡೆ ಗಮನ ಕೊಡುವುದಿಲ್ಲ’. ಮೂರು ವರ್ಷನೂ ಅವರು ಸಹಿ ಮಾಡಿ ಕೊಟ್ಟಾರ. ಒಪ್ಪಿಗಿ ಫಾರ್ಮ್ ಕೊಟ್ಟಾಗ, ಇದ್ರಿಂದ ನನ್ನ ಇಂಕ್ರಿಮೆಂಟ್ ನಿಂದ್ರುಸ್ತೀರೇನ್ರಿ ಅಂತ ನಕ್ಕೊಂತನ ಕೇಳಿದ್ರು, ಆದ್ರ ಪೂರಾ ನಗಿ ಅಲ್ಲ ಅದು. ಮೊದಲನೇ ಸಲ ಕುಂತಾಗ, ನಿಮ್ಮ ಕ್ಲಾಸಿನ್ಯಾಗ ಏನು ಬದಲಾದ್ರ ನಿಮಗ ಸಮಾಧಾನ ಆಗ್ತೈತ್ರಿ ಸರ್ ಅಂದೆ. ‘ಮೇಡಮ್ಮಾರ, ನಿಮಗ ಗೊತ್ತಿದ್ರ ಹೇಳಿಬಿಡ್ರಿ, ನನ್ನ ಯಾಕ ಕೇಳ್ತೀರಿ’ ಅಂದ್ರು. ಅಲ್ಲಿಗೆ ಗ್ರೋ ಮಾಡೆಲ್ ಮುಗೀತು. ನಮ್ಮಾಗ ಕೇಳೋರು ಅಂದ್ರ ಪರೀಕ್ಷಾ ಮಾಡೋರು, ಇಲ್ಲಾಂದ್ರ ಗೊತ್ತಿಲ್ಲದವ್ರು.

ಎರಡನೇ ಸಲ ನಾ ಬರೇ ಒಂದ ಪ್ರಶ್ನಿ ಇಟ್ಕೊಂಡು ಹೋದೆ, ಹಿಂದಿನ ಬೆಂಚಿನ ಹುಡುಗ್ರ ಬಗ್ಗೆ ಹೇಳ್ರಿ ಸರ್ ಅಂತ, ಆಮ್ಯಾಲ ಬಾಯಿ ಮುಚ್ಚಿದೆ. ರೆಕಾರ್ಡಿಂಗಿನ್ಯಾಗ 40 ಸೆಕೆಂಡ್ ಬರೇ ಫ್ಯಾನಿನ ಸಪ್ಪಳ ಐತಿ. ಹೊರಗ ಯಾರೋ ಬಾಟ್ಲಿ ಬೀಳಿಸಿದ್ದು ಕೇಳ್ತೈತಿ. ಆಮ್ಯಾಲ ಅವರ ಧ್ವನಿ, ಭಾಳ ಸಣ್ಣಗ: ‘ಹಿಂದಿನ ಬೆಂಚಿನ ಹುಡುಗ್ರ ಮಾರಿ ನನಗ ಕಾಣೋದಿಲ್ರಿ.’ ಎರಡೂ ಕಣ್ಣಾಗ ಪೊರೆ. ಮ್ಯಾನೇಜ್‌ಮೆಂಟಿಗೆ ಗೊತ್ತಾದ್ರ ವಯಸ್ಸಾತು ಅಂತ ಮನಿಗೆ ಕಳಸ್ತಾರ ಅಂತ ಮೂರು ವರ್ಷ ಮುಚ್ಚಿಟ್ಕೊಂಡು ಬಂದಿದ್ರು, ಹುಡುಗ್ರನ್ನ ಧ್ವನಿ ಮ್ಯಾಲ ಗುರ್ತು ಹಿಡಿದು ಹೆಸರು ಕೂಗ್ತಿದ್ರು. ಆ ಮೂರೂ ವರ್ಷ ನಾ ಅದ ಹಿಂದಿನ ಬೆಂಚಿನ್ಯಾಗ ಕುಂತು ಬರದೀನಿ. ನಾನೂ ಅವರಿಗೆ ಕಂಡಿರಲಿಲ್ಲ. ಈಗ ಒಂದು ಕಣ್ಣಿನ ಆಪರೇಷನ್ ಆಗೈತಿ, ಇನ್ನೊಂದು ದೀಪಾವಳಿ ರಜಾದಾಗ ಮಾಡಸ್ತಾರ.

ಆ ರೆಕಾರ್ಡಿಂಗ್ ನಾ ಯೂನಿವರ್ಸಿಟಿಗೆ ಕಳಸಲಿಲ್ಲ. ಒಪ್ಪಿಗಿ ಫಾರ್ಮಿನ್ಯಾಗ ಸಹಿ ಇತ್ತು ಖರೆ, ಆದ್ರ ಸಹಿ ಮಾಡಿದಾಗ ಇಂಥಾದ್ದು ಬಾಯಿಗೆ ಬರ್ತೈತಿ ಅಂತ ಅವರಿಗೂ ಗೊತ್ತಿರಲಿಲ್ಲ. ಬ್ಯಾರೆ ಒಂದು ಸಾದಾ ಮಾತುಕತಿ ಹಾಕಿ ಕಳಿಸಿದೆ. ‘ಆಳ ಸಾಲದು’ ಅಂತ ಕಮೆಂಟ್ ಬಂತು, ಮಾರ್ಕ್ಸ್ ಕಮ್ಮಿ ಬಂದ್ವು. ಅದಕ್ಕ ಬ್ಯಾಸರಿಲ್ಲ. ಬ್ಯಾಸರ ಯಾತಕ್ಕಂದ್ರ, ಇಂಥ ಹೊತ್ತಿನ್ಯಾಗ ಏನು ಮಾಡಬೇಕು ಅಂತ ಕೇಳಾಕ ನನಗ ಯಾರೂ ಇರಲಿಲ್ಲ.

ಯಾಕ ಇರಲಿಲ್ಲ ಅಂದ್ರ, ಮೆಂಟರಿಂಗ್ ಕಲಸೋ ಕೋರ್ಸಿನ್ಯಾಗ ನಮಗ ಮೆಂಟರ್ ಇಲ್ಲ. ತಮಾಷಿ ಅಲ್ರಿ. ಪರ್ಸನಲ್ ಟ್ಯೂಟರ್ ಅಂತ ಒಬ್ಬರನ್ನ ಕೊಡ್ತಾರ, ನನಗ ಒಂದು ವರ್ಷದಾಗ ಮೂರು ಮಂದಿ ಬದಲಾದ್ರು. ಒಬ್ಬರು ಕೆಲಸ ಬಿಟ್ರು, ಒಬ್ಬರು ರಜಾ ಮ್ಯಾಲ ಹೋದ್ರು, ಮೂರನೇದವ್ರಿಗೆ ನಾ ಪ್ರೈಮರಿ ಟೀಚರ್ ಅಂತ ಕೊನಿ ತನಕ ತಪ್ಪು ತಿಳುವಳಿಕೆ ಇತ್ತು. ಮಾಡ್ಯೂಲಿಗೆ ಒಂದು ಸಲ 15 ನಿಮಿಷ ವಿಡಿಯೋ ಕಾಲ್. 15 ವರ್ಕಿಂಗ್ ಡೇ ಒಳಗ ಬರಬೇಕಾದ ಫೀಡ್‌ಬ್ಯಾಕ್ ಒಂದು ಸಲ ಏಳನೇ ವಾರಕ್ಕ ಬಂತು, ಆವಾಗ ಮುಂದಿನ ಅಸೈನ್‌ಮೆಂಟ್ ಕೊಟ್ಟು ಆಗಿತ್ತು. ಬಂದದ್ದಾದ್ರೂ ಏನು, ‘ಇನ್ನೂ ಕ್ರಿಟಿಕಾಲಿಟಿ ಬೇಕು’. ಈ ಶಬ್ದ ಕೋರ್ಸ್ ಮಾಡಿದವರ ಕನಸಿನ್ಯಾಗೂ ಬರ್ತೈತಿ. ಓದಿದ್ದನ್ನ ಹಂಗ ಒಪ್ಪಿಕೋಬ್ಯಾಡ, ಎದುರು ನಿಂತು ಪ್ರಶ್ನಿ ಮಾಡು ಅಂತ ಅರ್ಥ, ಅಷ್ಟು ಹೇಳಾಕ ನನಗ ಒಬ್ಬ ಬಳ್ಳಾರಿ ಮೇಡಂ ಬೇಕಾಯ್ತು. ಅವರು ಇದ ಕೋರ್ಸ್ ಎರಡು ವರ್ಷ ಮೊದಲ ಮಾಡಿದವ್ರು, ಭಾನುವಾರ ಸಂಜಿ ಅರ್ಧ ತಾಸು ಫೋನಿನ್ಯಾಗ ನನ್ನ ಡ್ರಾಫ್ಟ್ ಓದಿಸಿ ಕೇಳ್ತಿದ್ರು, ಒಂದೂ ಉತ್ತರ ಹೇಳ್ತಿರಲಿಲ್ಲ, ಇದನ್ನ ನೀ ನಂಬ್ತಿ ಏನು ಅಂತ ಇಷ್ಟ ಕೇಳ್ತಿದ್ರು. ಫೀ ಅವರಿಗೆ ಕೊಡಬೇಕಾಗಿತ್ತು.

ಲೈಬ್ರರಿಗೆ ಮಾತ್ರ ಪೂರಾ ಮಾರ್ಕ್ಸ್. ಜರ್ನಲ್ ಎಲ್ಲಾ ತೆರೆದು ಇಟ್ಟಾರ, ರಾತ್ರಿ ಎರಡಕ್ಕ ಹುಡುಕಿದ್ರೂ ಸಿಗ್ತಾವು. ಅಲ್ಲೇ ಒಂದು ಪೇಪರ್ ಸಿಕ್ತು, ಕ್ರಾಫ್ಟ್ ಅನ್ನೋರು ಇಬ್ಬರ ಜೊತಿ ಸೇರಿ 2018ರಾಗ ಬರದದ್ದು, ಟೀಚರ್ ಕೋಚಿಂಗ್ ಮ್ಯಾಲಿನ 60 ಅಧ್ಯಯನ ಒಟ್ಟಿಗೆ ಹಾಕಿ ಲೆಕ್ಕ ಮಾಡ್ಯಾರ. ಕಲಸೋ ರೀತಿ ಮ್ಯಾಲ ಪರಿಣಾಮ 0.49 ಸ್ಟ್ಯಾಂಡರ್ಡ್ ಡೀವಿಯೇಷನ್ (ನಂಬರ್‌ಗಳು ಎಷ್ಟು ಹರಡ್ಯಾವು ಅಂತ ಅಳಿಯೋ ಮಾಪ), ಮಕ್ಕಳ ಕಲಿಕೆ ಮ್ಯಾಲ 0.18. ಶಿಕ್ಷಣದ ರಿಸರ್ಚಿನ್ಯಾಗ ಇವು ಸಣ್ಣ ನಂಬರ್ ಅಲ್ಲ. ಆದ್ರ ಅದ ಪೇಪರಿನ್ಯಾಗ ಇನ್ನೊಂದು ಮಾತೂ ಐತಿ, ಟೀಚರ್ ಸಂಖ್ಯಾ ಜಾಸ್ತಿ ಆದಂಗ ಪರಿಣಾಮ ಇಳೀತೈತಿ. ನಾ ಕೋರ್ಸ್ ಮುಗಿಸಿ ಮ್ಯಾನೇಜ್‌ಮೆಂಟಿಗೆ ಹೇಳಿದಾಗ, ಭಾಳ ಚೊಲೊ ಆತ್ರಿ ಮೇಡಂ, ಬರೋ ಶನಿವಾರ ಹಾಲಿನ್ಯಾಗ 42 ಮಂದಿ ಸ್ಟಾಫಿಗೂ ಒಂದ ದಿನದಾಗ ಇದನ್ನೆಲ್ಲಾ ಹೇಳಿಬಿಡ್ರಿ, ಊಟ ನಮ್ಮ ಕಡಿಂದ ಅಂದ್ರು. ಈಗ ನಾ ಒಂದು ಟರ್ಮಿಗೆ ನಾಲ್ಕು ಮಂದಿ ಜೊತಿ ಅಷ್ಟ ಕುಂದರ್ತೀನಿ, 5ಕ್ಕ ಎಷ್ಟು ಫಾರ್ಮ್ ಪ್ರಿನ್ಸಿಪಾಲರ ಕೈಗೆ ಕೊಟ್ಟು ಅದು ನಿಮ್ಮ ಕೆಲಸ ಅಂದೀನಿ. ಅಷ್ಟು ಮಾಡಿಸಾಕ ಎರಡು ತಿಂಗಳ ಜಗಳ ಆತು.

ಮೂರನೇ ಮಾಡ್ಯೂಲ್ ಸಣ್ಣ ರಿಸರ್ಚ್, ಅದರ ಬಗ್ಗೆ ಜಾಸ್ತಿ ಹೇಳೋದಿಲ್ಲ. ಒಂದ ಮಾತು. ನಿಮ್ಮ ಊರಿನ ಮೆಂಟರಿಂಗ್ ಪದ್ಧತಿ ಬಗ್ಗೆ ಬರೀರಿ ಅಂದಿದ್ದಕ್ಕ ನಮ್ಮ ಕೊಪ್ಪಳ ಹತ್ತಿರದ ಕಿನ್ನಾಳದಾಗ ಕಟ್ಟಿಗಿ ಗೊಂಬಿ ಮಾಡೋ ಚಿತ್ರಗಾರರ ಮನಿಯಾಗ ಹುಡುಗ್ರು ಹುಣಸಿ ಬೀಜದ ಅಂಟು ಕಲಸೋದ್ರಿಂದ ಶುರು ಮಾಡಿ ಗೊಂಬಿಗೆ ಕಣ್ಣು ಬರಿಯೋದಕ್ಕ ಹೆಂಗ ಬರ್ತಾರ ಅಂತ ಒಂದು ಪುಟ ಬರದೆ. ಅದಕ್ಕ ಎಂಥಾ ಹೊಗಳಿಕೆ ಅಂತೀರಿ, ಇಂಥಾದ್ದು ಇನ್ನೂ ಬೇಕು ಅಂತ. ನನ್ನ ಸ್ಟಾಫ್ ರೂಮಿನ ಬಗ್ಗೆ ಬರದ 12 ಪುಟಕ್ಕ ಒಂದು ಸಾಲು ಕಮೆಂಟ್. ನಾವು ಗೊಂಬಿ ಮಾಡಿದ್ರ ಚಂದ, ಟೈಂಟೇಬಲ್ ಬಗ್ಗೆ ಮಾತಾಡಿದ್ರ ಬ್ಯಾಸರ ಅಂತ ಕಾಣ್ತೈತಿ.

ಯಾರು ಮಾಡಬಹುದು ಅಂತ ಕೇಳಿದ್ರ: ಕೈಯಾಗ ಈಗಾಗ್ಲೇ ನಾಲ್ಕು ಮಂದಿ ಟೀಚರ್‌ನ ನೋಡ್ಕೊಳೋ ಕೆಲಸ ಇದ್ದವ್ರು, ಇಂಗ್ಲಿಷ್ ಓದಾಕ ಬರಿಯಾಕ ಅಂಜದವ್ರು, ದುಡ್ಡು ಹೋದ್ರೂ ಮನ್ಯಾಗ ರಾಮಾಯಣ ಆಗದವ್ರು. ಪ್ರೊಮೋಷನ್ ಸಲುವಾಗಿ ಅಂತಿದ್ರ ಬ್ಯಾಡ್ರಿ. ನನಗ ಪಗಾರದಾಗ ಒಂದು ರೂಪಾಯಿ ಏರಿಲ್ಲ. ಸರ್ಕಾರಿ ಟೀಚರ್ರು ಮಾಡಬೇಕಂದ್ರ ಹೊರದೇಶದ ಆನ್‌ಲೈನ್ ಕೋರ್ಸು ನಿಮ್ಮ ಇಲಾಖೆಯೊಳಗ ಯಾತಕ್ಕರ ಲೆಕ್ಕಕ್ಕ ಬರ್ತೈತೇನು ಅಂತ ಬಿಇಒ ಆಫೀಸಿನ್ಯಾಗ ಬರವಣಿಗಿಯೊಳಗ ಕೇಳ್ಕೊಂಡು ಆಮ್ಯಾಲ ಫೀ ಕಟ್ರಿ. ಟ್ರೇನಿಂಗ್ ಕೊಡೋ ಬಿಸಿನೆಸ್ ಮಾಡ್ತೀನಿ ಅನ್ನೋರಿಗೆ ಹೆಸರಿನ ಮುಂದ ಹಾಕ್ಕೊಳ್ಳಾಕ ಚೊಲೊ ಕಾಣ್ತೈತಿ, ಅವರು ಈ ರಿವ್ಯೂ ಇಲ್ಲಿತನಕ ಓದಿರಾಂಗೂ ಇಲ್ಲ.

ಸೇರೋಕಿಂತ ಮೊದಲ ಅವರಿಗೆ ಮೇಲ್ ಹಾಕಿ ಮೂರು ಕೇಳ್ರಿ: ವರ್ಷಪೂರ್ತಿ ಒಬ್ಬರ ಟ್ಯೂಟರ್ ಇರ್ತಾರೇನು, ನಮ್ಮ ಭಾಷಾದಾಗಿನ ರೆಕಾರ್ಡಿಂಗ್ ಯಾರು ನೋಡ್ತಾರ, ಕೋರ್ಸ್ ಮುಗಿದ ಮ್ಯಾಲ ಲೈಬ್ರರಿ ಎಷ್ಟು ದಿನ ತೆರೆದಿರ್ತೈತಿ. ನಂದು ರಿಸಲ್ಟ್ ಬಂದ ವಾರಕ್ಕ ಲಾಗಿನ್ ಬಂದ್ ಆತು, ಓದಬೇಕಂತ ಗುರ್ತು ಹಾಕಿಟ್ಟ 30 ಪೇಪರ್ ಒಳಗ ಉಳಿದ್ವು. ಮತ್ತ ಬ್ಯಾಂಕಿಗೆ ಹೋಗುವಾಗ ಎ2 ಫಾರ್ಮ್ ನೀವ ಎರಡು ಪ್ರಿಂಟ್ ತಗಸಿಕೊಂಡು ಹೋಗ್ರಿ, ಮ್ಯಾನೇಜರ್ರು ಒಂದು ಇಟ್ಕೊಂತೀನ್ರಿ ಅಂತಾರ, ಅವರ ಕಡೆ ಇರಾಂಗಿಲ್ಲ.